ಸರ್ಕಾರದ ಖರ್ಚಿನಲ್ಲಿ ಹೊರದೇಶದ ಅಭಿವೃದ್ಧಿ ಕೆಲಸ: ನಮ್ಮ ಭಾಗದ ಪದವೀಧರರಿಗೆ ದಾರಿ ಇದೆಯೇ?

ಕೃಷ್ಣೆಯ ದಂಡೆ, ಶಹಾಪುರ

ಎಲ್ಲರಿಗೂ ನಮಸ್ಕಾರ. ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ಒಂದು ವರ್ಷವಾಯಿತು, ವಯಸ್ಸು 24. ಗುಳೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯಲ್ಲಿ ಸದ್ಯ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಹೈದರಾಬಾದಿನಲ್ಲಿ ನಡೆದ ಒಂದು ತರಬೇತಿಗೆ ಹೋಗಿದ್ದಾಗ ನನ್ನ ಪಕ್ಕದ ಕುರ್ಚಿಯಲ್ಲಿ ಕೆನಡಾದ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳದೂ ನನ್ನದೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಬಗೆಯ ಓದು. ಅವಳ ವಿಮಾನದ ಟಿಕೆಟ್, ವಿಮೆ, ಆರು ತಿಂಗಳ ಊಟ ವಸತಿಯ ಖರ್ಚು, ಇವೆಲ್ಲವನ್ನೂ ಅವಳ ದೇಶದ ಸರ್ಕಾರವೇ ಭರಿಸಿತ್ತು. ನಮ್ಮ ಹಳ್ಳಿಗಳನ್ನು ನೋಡಿ ಕಲಿಯಲು ಅವಳು ಬಂದಿದ್ದಳು. ನಾನು ಶಹಾಪುರದಿಂದ ಹೈದರಾಬಾದಿಗೆ ಹೋಗಿಬಂದ ಬಸ್ ಚಾರ್ಜಿನ ಬಿಲ್ಲು ಮಾತ್ರ ಇನ್ನೂ ಪಾಸಾಗಿಲ್ಲ.

ನಾನು ಕೇಳಬೇಕಾಗಿರುವುದು ಇಷ್ಟೇ. ಅಂತರರಾಷ್ಟ್ರೀಯ ಅಭಿವೃದ್ಧಿ ಕ್ಷೇತ್ರದಲ್ಲಿ ಕೆಲಸ ಮಾಡಬೇಕೆಂಬ ನಮ್ಮಂಥವರನ್ನು ಸರ್ಕಾರದ ಹಣದಲ್ಲಿ ಆರು ತಿಂಗಳಿಗೋ ವರ್ಷಕ್ಕೋ ಹೊರದೇಶಕ್ಕೆ ಕಳುಹಿಸುವ ವ್ಯವಸ್ಥೆ ನಮ್ಮಲ್ಲಿ ಇದೆಯೇ? ಇಲ್ಲದಿದ್ದರೆ ಬೇರೆ ಯಾವ ದಾರಿ ಹಿಡಿಯಬಹುದು? ಕಾಲೇಜಿನಲ್ಲಿ ಕೇಳಿದಾಗ ಎಲ್ಲರೂ ಉನ್ನತ ವ್ಯಾಸಂಗದ ವಿದ್ಯಾರ್ಥಿವೇತನದ ಬಗ್ಗೆಯೇ ಹೇಳಿದರು. ನನಗೆ ಇನ್ನೊಂದು ಪದವಿ ಬೇಕಾಗಿಲ್ಲ, ಕೆಲಸ ಬೇಕಾಗಿದೆ.

ಬಿಸಿಲೂರ ಮೇಷ್ಟ್ರು, ಕಲಬುರಗಿ

ತಂಗಿ, ಕೆನಡಾ ಮಾಡುವ ಹಾಗೆ ತನ್ನ ಯುವ ಪದವೀಧರರನ್ನು ವರ್ಷವರ್ಷವೂ ತಂಡಗಟ್ಟಿ ಹೊರದೇಶದ ಹಳ್ಳಿಗಳಿಗೆ ಕಳುಹಿಸುವ ಯೋಜನೆ ಭಾರತ ಸರ್ಕಾರದ ಬಳಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದೆ ಎಂದು ನಂಬಿಸಿ ದುಡ್ಡು ಕೀಳುವವರು ಬಹಳ ಜನರಿದ್ದಾರೆ.

ಇಂಥ ಯೋಜನೆಗಳ ವಂಶಾವಳಿ ದೊಡ್ಡದು. ಬ್ರಿಟನ್ನಿನಲ್ಲಿ ವಿಎಸ್‌ಒ ಎಂಬ ಸಂಸ್ಥೆ ಹುಟ್ಟಿದ್ದು 1958ರಲ್ಲಿ. ಅಮೆರಿಕದಲ್ಲಿ ಕೆನಡಿಯವರು ಅಧ್ಯಕ್ಷರಾಗಿದ್ದಾಗ 1961ರಲ್ಲಿ ಪೀಸ್ ಕೋರ್ ಆರಂಭವಾಯಿತು. ಅದರ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದಲ್ಲೂ ಇದ್ದರು. ಜಪಾನ್ 1965ರಲ್ಲಿ ತನ್ನದೇ ಸ್ವಯಂಸೇವಕ ಪಡೆಯನ್ನು ಕಟ್ಟಿತು, ಅದನ್ನು ಈಗ ಜೈಕಾ ಸಂಸ್ಥೆ ನಡೆಸುತ್ತದೆ. ಜರ್ಮನಿಯ ವೆಲ್ಟ್‌ವೆರ್ಟ್ಸ್ 2008ರದು. ಬ್ರಿಟನ್ ಸರ್ಕಾರ 2011ರಲ್ಲಿ 18ರಿಂದ 25 ವರ್ಷದವರಿಗಾಗಿ ಇಂಟರ್‌ನ್ಯಾಷನಲ್ ಸಿಟಿಜನ್ ಸರ್ವಿಸ್ ಎಂಬ ಯೋಜನೆ ತಂದಿತು. ಹತ್ತು ಹನ್ನೆರಡು ವಾರಗಳ ಕೆಲಸ, ಹಣ ಸರ್ಕಾರದ್ದು. ಅದೂ ಹತ್ತು ವರ್ಷ ನಡೆದು ನಿಂತುಹೋಯಿತು. ಯಾರ ತೆರಿಗೆಯ ದುಡ್ಡೋ ಅವರ ಮಕ್ಕಳಿಗೆ ಟಿಕೆಟ್ ಎಂಬ ಒಂದು ನಿಯಮ ಇವೆಲ್ಲದರಲ್ಲೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಿಮ್ಮ ಪಕ್ಕದ ಕುರ್ಚಿಯ ಹುಡುಗಿ ಬಂದದ್ದೂ ಹಾಗೆಯೇ.

ನಮ್ಮ ದೇಶ ಹೊರಗಿನವರಿಗೆ ನೆರವು ಕೊಡುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಐಟೆಕ್ ಎಂಬ ಕಾರ್ಯಕ್ರಮ 1964ರಿಂದ ನಡೆಯುತ್ತಿದೆ, ಅದರಲ್ಲಿ 160ಕ್ಕೂ ಹೆಚ್ಚು ದೇಶಗಳು ಪಾಲುದಾರರಾಗಿವೆ. ಆದರೆ ಅದರ ಹರಿವು ಬೇರೆ ದಿಕ್ಕಿನದು: ಅಲ್ಲಿಯ ಅಧಿಕಾರಿಗಳು ಇಲ್ಲಿಗೆ ಬಂದು ತರಬೇತಿ ಪಡೆಯುತ್ತಾರೆ. ಇಲ್ಲಿಂದ ಹೋಗುವವರೂ ಇದ್ದಾರೆ, ಆದರೆ ಅವರು ಅನುಭವಿ ತಜ್ಞರು. ಇಪ್ಪತ್ತನಾಲ್ಕರ ಹುಡುಗಿಯನ್ನು ತಜ್ಞೆ ಎಂದು ಕಳುಹಿಸುವ ಕಾಲಂ ಅದರಲ್ಲಿಲ್ಲ.

ಒಂದು ಮಾತು ನೆನಪಾಯಿತು. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಆರನೇ ನಿಜಾಮರಾದ ಮಹಬೂಬ್ ಅಲಿ ಖಾನ್ 1895ರಲ್ಲಿ ಹದಿನಾರು ವರ್ಷದ ಸರೋಜಿನಿಯನ್ನು, ಅಂದರೆ ಮುಂದೆ ಸರೋಜಿನಿ ನಾಯ್ಡು ಆದವರನ್ನು, ವಿದ್ಯಾರ್ಥಿವೇತನ ಕೊಟ್ಟು ಇಂಗ್ಲೆಂಡಿಗೆ ಓದಲು ಕಳುಹಿಸಿದ್ದರು. ಖಜಾನೆಯ ಹಣದಲ್ಲಿ ಹೆಣ್ಣುಮಗಳೊಬ್ಬಳು ಸಮುದ್ರ ದಾಟಿದ್ದು ನಮ್ಮ ಭಾಗದ ಚರಿತ್ರೆಗೆ ಹೊಸದೇನೂ ಅಲ್ಲ.

ಕಡತದ ಮನುಷ್ಯ, ಕಲಬುರಗಿ

ಮೇಷ್ಟ್ರು ಹೇಳಿದ್ದು ಸರಿ, ಆದರೆ ಶಹಾಪುರ ಇರುವ ಯಾದಗಿರಿ ಜಿಲ್ಲೆಯವರಿಗೆ ಉಪಯೋಗವಾಗುವ ಒಂದು ಸಂಗತಿಯನ್ನು ಅವರು ಬಿಟ್ಟಿದ್ದಾರೆ.

ಹಿಂದುಳಿದಿವೆ, ವಿಶೇಷ ಗಮನ ಬೇಕು ಎಂದು ನೀತಿ ಆಯೋಗ 2018ರಲ್ಲಿ ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಲ್ಲಿ ಕರ್ನಾಟಕದವು ಎರಡೇ: ರಾಯಚೂರು ಮತ್ತು ಯಾದಗಿರಿ. ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್ ನಿಯಮಗಳಲ್ಲಿ ಪ್ರತಿ ರಾಜ್ಯಕ್ಕೂ ಪ್ರಾತಿನಿಧ್ಯ ಕೊಡಬೇಕೆಂದೂ, ಆಯ್ಕೆಯಲ್ಲಿ ಇಂಥ ಜಿಲ್ಲೆಗಳವರಿಗೆ ಆದ್ಯತೆ ಇರಬೇಕೆಂದೂ, ಮಹಿಳೆಯರಿಗೆ ಒಂದು ಪಾಲು ಮೀಸಲಿಡಬೇಕೆಂದೂ ಬರೆದಿದೆ. ಪದವಿ ಮುಗಿದಿರಬೇಕು, ವಯಸ್ಸು 25 ಮೀರಿರಬಾರದು. ತಿಂಗಳಿಗೆ 10,000 ರೂಪಾಯಿ ಗೌರವಧನ, ಜೊತೆಗೆ ಹೋಗಿಬರುವ ವಿಮಾನದ ಖರ್ಚು ಕೊಡುತ್ತಾರೆ. ಕೆಲಸ ದೆಹಲಿಯಲ್ಲೇ ಇರುವುದರಿಂದ ಇದು ಹೊರದೇಶದ ನಿಯೋಜನೆಯಲ್ಲ. ಆದರೆ ಭಾರತ ಬೇರೆ ದೇಶಗಳಿಗೆ ಕೊಡುವ ಸಾಲ, ಅನುದಾನ, ತರಬೇತಿಗಳನ್ನೆಲ್ಲ ನೋಡಿಕೊಳ್ಳುವ ಅಭಿವೃದ್ಧಿ ಪಾಲುದಾರಿಕೆ ಆಡಳಿತ ವಿಭಾಗ 2012ರಿಂದ ಅದೇ ಸಚಿವಾಲಯದೊಳಗೆ ಇದೆ. ಇಂಥ ಯೋಜನೆಯ ಕಡತವೊಂದು ಹೇಗೆ ಹುಟ್ಟಿ ಹೇಗೆ ಮುಂದೆ ಸಾಗುತ್ತದೆ ಎಂಬುದನ್ನು ನೋಡಲು ಅದಕ್ಕಿಂತ ಹತ್ತಿರದ ಕಿಟಕಿ ಸಿಗಲಾರದು. ನಿಮಗೆ 24 ಎಂದಿರಿ. ಹಾಗಾದರೆ ಉಳಿದಿರುವುದು ಒಂದೋ ಎರಡೋ ಅವಕಾಶ ಮಾತ್ರ, ಮುಂದಿನ ಪ್ರಕಟಣೆಯನ್ನು ತಪ್ಪಿಸಿಕೊಳ್ಳಬೇಡಿ.

ಇನ್ನು ವಿದ್ಯಾರ್ಥಿವೇತನ ಬೇಡ ಎಂದಿರಿ, ಸರಿ. ಆದರೂ ಓದುವ ಬೇರೆಯವರಿಗಾಗಿ ಬರೆಯುತ್ತೇನೆ: ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ, ಅವುಗಳಲ್ಲಿ 115 ಪರಿಶಿಷ್ಟ ಜಾತಿಯವರಿಗೆ, ಉಳಿದವು ಅಲೆಮಾರಿ ಸಮುದಾಯಗಳಿಗೆ, ಭೂರಹಿತ ಕೃಷಿ ಕಾರ್ಮಿಕರಿಗೆ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ. ಕುಟುಂಬದ ಆದಾಯ 8 ಲಕ್ಷ ಮೀರಿರಬಾರದು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೇ ಬಗೆಯದು.

ಕಾರಂಜಾ ನೀರು, ಬೀದರ್

ನಾನು ವಿಶ್ವಸಂಸ್ಥೆಯ ಸ್ವಯಂಸೇವಕನಾಗಿ ಉತ್ತರ ಉಗಾಂಡಾದ ಗುಲು ಪಟ್ಟಣದಲ್ಲಿ ಕೆಲಸ ಮಾಡಿ ಬಂದವನು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಪಡಬೇಡಿ.

ಯುಎನ್‌ವಿ ಎಂದು ಕರೆಯುವ ಈ ಕಾರ್ಯಕ್ರಮವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1970ರಲ್ಲಿ ಸ್ಥಾಪಿಸಿತು. 1996ರಿಂದ ಅದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ವರ್ಷಕ್ಕೆ 12,000ಕ್ಕೂ ಹೆಚ್ಚು ಜನ ಅದರಡಿ ಕೆಲಸ ಮಾಡುತ್ತಾರೆ. 18ರಿಂದ 26 ವರ್ಷದವರು ಯುವ ಸ್ವಯಂಸೇವಕರ ವರ್ಗಕ್ಕೆ ಬರುತ್ತಾರೆ. 27 ತುಂಬಿದವರಿಗೆ ಕೆಲವು ವರ್ಷಗಳ ಅನುಭವ ಬೇಡುವ ಬೇರೆ ವರ್ಗವಿದೆ. ಸಂಬಳವೆಂದು ಕೊಡುವುದಿಲ್ಲ, ಜೀವನ ನಿರ್ವಹಣಾ ಭತ್ಯೆ ಎನ್ನುತ್ತಾರೆ. ಊಟ, ಬಾಡಿಗೆ ಕಳೆದು ಊರಿಗೂ ಒಂದಿಷ್ಟು ಕಳುಹಿಸುವಷ್ಟು ನನಗೆ ಸಿಗುತ್ತಿತ್ತು.

ಹಣ ಯಾರದು ಎಂಬ ಪ್ರಶ್ನೆ ಇಲ್ಲಿಯೂ ಬರುತ್ತದೆ. ಇದರಲ್ಲಿ ಪೂರ್ಣ ಅನುದಾನಿತ ಎಂಬ ಒಂದು ಬಗೆಯ ಹುದ್ದೆಗಳಿವೆ. ಕೊರಿಯಾ, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್‌ನಂಥ ದೇಶಗಳ ಸರ್ಕಾರಗಳು ಹಣ ಕಟ್ಟಿ ತಮ್ಮ ಯುವಜನರಿಗಾಗಿಯೇ ಆ ಹುದ್ದೆಗಳನ್ನು ಇಡಿಸುತ್ತವೆ. ಪ್ರಕಟಣೆಯ ಮೊದಲ ಸಾಲಿನಲ್ಲೇ ಯಾವ ದೇಶದವರಿಗೆ ಎಂದು ಬರೆದಿರುತ್ತದೆ. ನಾನು ಅದನ್ನು ಓದದೆ ಮೂರು ತಿಂಗಳು ಸುಮ್ಮನೆ ಅರ್ಜಿ ಹಾಕುತ್ತಾ ಕುಳಿತಿದ್ದೆ. ನಮಗೆ ತೆರೆದಿರುವುದು ಎರಡನೆಯ ಬಗೆ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯೇ ಹಣ ಕೊಡುವ ಹುದ್ದೆಗಳು. ಅಲ್ಲಿ ಅನುಭವ ಇದ್ದವರೊಡನೆ ಸ್ಪರ್ಧಿಸಬೇಕಾಗುತ್ತದೆ. ಸರ್ಕಾರದ ಹಣ ಎಂಬುದರ ಬೆಲೆ ನನಗೆ ಅರ್ಥವಾದದ್ದು ಆಗಲೇ. ಅಂಥ ಹುದ್ದೆಯಲ್ಲಿ ಬಂದಿದ್ದ ಕೊರಿಯಾದ ಹುಡುಗನೊಬ್ಬನಿಗೆ ತನ್ನ ಮೊದಲ ಕೆಲಸವೇ ಗುಲುವಿನಲ್ಲಿ ಸಿಕ್ಕಿತ್ತು. ನಾನು ಅಲ್ಲಿಗೆ ತಲುಪಲು ಬೀದರ್ ಜಿಲ್ಲೆಯಲ್ಲಿ ನಾಲ್ಕು ವರ್ಷ ಸ್ವಸಹಾಯ ಸಂಘಗಳ ಲೆಕ್ಕ ನೋಡಬೇಕಾಯಿತು.

ವಿಶ್ವಸಂಸ್ಥೆಯ ಜೂನಿಯರ್ ಪ್ರೊಫೆಷನಲ್ ಆಫೀಸರ್ ಎಂಬ ಹುದ್ದೆಯ ಕಥೆಯೂ ಅದೇ, ಅಲ್ಲಿಯೂ ಹಣ ಕಟ್ಟುವುದು ಸರ್ಕಾರಗಳೇ. ನೆದರ್ಲೆಂಡ್ಸ್ ತನ್ನ ಪ್ರಜೆಗಳಲ್ಲದೆ ಕೆಲವು ಅಭಿವೃದ್ಧಿಶೀಲ ದೇಶಗಳವರಿಗೂ ಹುದ್ದೆಗಳನ್ನು ಇಟ್ಟಿದೆ; ಯಾವ ದೇಶಗಳವರು ಅರ್ಹರು ಎಂಬ ಪಟ್ಟಿಯನ್ನು ಪ್ರತಿ ಪ್ರಕಟಣೆಯಲ್ಲೂ ನೋಡಿಕೊಳ್ಳಬೇಕು. ಜರ್ಮನಿಯ ವೆಲ್ಟ್‌ವೆರ್ಟ್ಸ್‌ನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಎಂಬ ಇನ್ನೊಂದು ಭಾಗವಿದೆ. ಅದರಲ್ಲಿ ನಮ್ಮಂಥ ದೇಶಗಳ ಯುವಕರು ಜರ್ಮನಿಗೆ ಹೋಗಿ ಒಂದು ವರ್ಷ ಸಾಮಾಜಿಕ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಾರೆ, ಹಣ ಅಲ್ಲಿಯ ಸರ್ಕಾರದ್ದು. ಅದಕ್ಕೆ ನೀವು ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ, ಇಲ್ಲಿಯ ಪಾಲುದಾರ ಸಂಸ್ಥೆಯೊಂದರ ಮೂಲಕವೇ ಹೋಗಬೇಕು. ನಿಮ್ಮ ಸಂಸ್ಥೆಗೆ ಜರ್ಮನಿಯ ನಂಟಿದ್ದರೆ ಕೇಳಿ ನೋಡಿ.

ಗುಲುವಿನ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಬೀದರ್‌ನ ಸ್ವಸಹಾಯ ಸಂಘಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು, ಆದ್ದರಿಂದ ಉಳಿತಾಯ ಗುಂಪು ಎಂದರೆ ನನಗೆ ಎಲ್ಲ ಗೊತ್ತು ಎಂಬ ಗರ್ವದಲ್ಲೇ ನಾನು ಹೋಗಿದ್ದೆ. ಅಲ್ಲಿಯ ಗುಂಪಿನಲ್ಲಿ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಅದಕ್ಕೆ ಮೂರು ಬೀಗ, ಮೂರು ಕೀಲಿಗಳು ಮೂವರು ಬೇರೆ ಬೇರೆ ಹೆಂಗಸರ ಸೆರಗಿನಲ್ಲಿ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ವರ್ಷದ ಕೊನೆಗೆ ಎಲ್ಲ ಹಣವನ್ನೂ ಹಂಚಿಕೊಂಡು ಪೆಟ್ಟಿಗೆಯನ್ನು ಬರಿದು ಮಾಡಿ ಮತ್ತೆ ಹೊಸದಾಗಿ ಆರಂಭಿಸುತ್ತಾರೆ. ಈ ಪದ್ಧತಿಯನ್ನು ಕೇರ್ ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಮೊದಲು ರೂಢಿಗೆ ತಂದಿತು. ನಾನು ನಮ್ಮ ಕಡೆಯ ಲೆಕ್ಕದ ಪುಸ್ತಕ, ಬ್ಯಾಂಕ್ ಜೋಡಣೆ, ಠರಾವು ಎಲ್ಲವನ್ನೂ ವಿವರಿಸಿದೆ. ಒಬ್ಬ ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, ‘ಪುಸ್ತಕ ಬರೆಯುವವಳು ಗಂಡನ ಊರಿಗೆ ಹೋದರೆ ನಿಮ್ಮ ಗುಂಪಿನ ಹಣ ಎಷ್ಟು ಎಂದು ಯಾರಿಗೆ ಗೊತ್ತಾಗುತ್ತದೆ?’ ಎಂದು ಕೇಳಿದಳು. ಭಾಲ್ಕಿ ತಾಲೂಕಿನ ಎರಡು ಸಂಘಗಳು ಇದೇ ಕಾರಣಕ್ಕೆ ಮುರಿದುಬಿದ್ದದ್ದನ್ನು ನಾನೇ ನೋಡಿದ್ದೆ, ಆದರೆ ಆ ಪ್ರಶ್ನೆಯನ್ನು ಹಾಗೆ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ.

ಹೊರಡುವ ಮುನ್ನ ಒಂದು ಎಚ್ಚರಿಕೆ: ಉಗಾಂಡಾಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ, ಲಸಿಕೆ ಹಾಕಿಸಿಕೊಂಡ ಹತ್ತನೆಯ ದಿನದಿಂದಷ್ಟೇ ಆ ಪ್ರಮಾಣಪತ್ರ ಮಾನ್ಯವಾಗುತ್ತದೆ. ಬೀದರ್, ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ನಾರಾಯಣಗುಡದಲ್ಲಿರುವ ಸರ್ಕಾರಿ ಸಂಸ್ಥೆಯೇ ಹತ್ತಿರ.

ಭೀಮೆಯ ಮರಳು, ಅಫಜಲಪುರ

ಮೇಷ್ಟ್ರು ದುಡ್ಡು ಕೀಳುವವರ ಬಗ್ಗೆ ಒಂದು ಸಾಲು ಬರೆದರು. ಆ ಸಾಲಿನೊಳಗೆ ನಮ್ಮ ಮನೆಯ 65,000 ರೂಪಾಯಿ ಇದೆ.

ನನ್ನ ತಮ್ಮ ಬಿಎಸ್‌ಡಬ್ಲ್ಯೂ ಓದಿದವನು. ಒಂದು ಏಜೆನ್ಸಿಯವರು ಅವನಿಗೆ ‘ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆಯ ಜಂಟಿ ಯುವ ಅಭಿವೃದ್ಧಿ ಅಧಿಕಾರಿ’ ಎಂಬ ಹುದ್ದೆಗೆ ಆಯ್ಕೆಯಾಗಿದ್ದೀರಿ ಎಂದು ಪತ್ರ ಕಳುಹಿಸಿದರು. ಪತ್ರದ ಮೇಲೆ ನೀಲಿ ಲಾಂಛನ, ಕೆಳಗೆ ಸಹಿ, ಮೊಹರು, ಎಲ್ಲವೂ ಇದ್ದವು. ವೈದ್ಯಕೀಯ ವಿಮೆಗೆಂದು ಮೊದಲು 15,000, ಆಮೇಲೆ ವೀಸಾ ಭದ್ರತೆಗೆಂದು 50,000 ಕಟ್ಟಿಸಿಕೊಂಡರು. ಮೂರನೆಯ ಸಲ ಕೇಳಿದಾಗ ನನಗೆ ಅನುಮಾನ ಬಂದು ಪತ್ರವನ್ನು ಮತ್ತೆ ಓದಿದೆ. ಸ್ವಯಂಸೇವಕ ಕಾರ್ಯಕ್ರಮದ ಕೇಂದ್ರ ಕಚೇರಿ ಜಿನೀವಾ ಎಂದು ಅದರಲ್ಲಿ ಬರೆದಿತ್ತು. ಬೀದರ್‌ನವರು ಮೇಲೆ ಬರೆದಂತೆ ಅದು ಬಾನ್‌ಗೆ ಹೋಗಿ ಎಷ್ಟೋ ವರ್ಷಗಳಾಗಿವೆ. ಯಾವುದೋ ಹಳೆಯ ಪುಸ್ತಕ ನೋಡಿ ಪತ್ರ ತಯಾರಿಸಿದ್ದರೆಂದು ಕಾಣುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ಮೂರು ದಿನ ಕಳೆದಿದ್ದವು, ಹಣ ನಾಲ್ಕು ಖಾತೆಗಳನ್ನು ದಾಟಿ ಹೋಗಿತ್ತು.

ವಿಶ್ವಸಂಸ್ಥೆಯ ಯಾವ ಅಂಗವೂ ಅರ್ಜಿಗೆ, ಸಂದರ್ಶನಕ್ಕೆ, ತರಬೇತಿಗೆ ಎಂದು ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಅಪ್ಪನಿಗೆ ಇದನ್ನು ಹೇಳಲು ಹೋದರೆ, ‘ದುಡ್ಡು ಕೇಳದವರು ಕೆಲಸ ಕೊಡುತ್ತಾರೆಂದು ನಂಬುವುದು ಹೇಗೆ?’ ಎಂದರು. ನಮ್ಮ ಊರಿನ ಅನುಭವ ಅವರಿಗೆ ಹಾಗೆ ಕಲಿಸಿದೆ, ಅವರನ್ನು ದೂರಲಾರೆ.

ತೊಗರಿಯ ಹೊಲ, ಆಳಂದ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಕೃಷಿ ಪದವಿ ಮಾಡಿ ಹೊಲಕ್ಕೆ ಮರಳಿದವನು, ನನಗೆ ಈ ಇಡೀ ವಿಚಾರದಲ್ಲೇ ಒಂದು ತಕರಾರಿದೆ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ವಿಭಾಗದವೇ ಆಗಿದ್ದವು. ಶಹಾಪುರದ ಮಕ್ಕಳು ದೀಪಾವಳಿ ಮುಗಿದೊಡನೆ ಬೆಂಗಳೂರು, ಪುಣೆಯ ಕಟ್ಟಡಗಳ ಮರಳುಗುಡ್ಡೆಯ ಮೇಲೆ ಇರುತ್ತಾರೆ. ಇಲ್ಲಿಯ ಹುಡುಗಿ ಸರ್ಕಾರದ ದುಡ್ಡಿನಲ್ಲಿ ಆಫ್ರಿಕಾಕ್ಕೆ ಹೋಗಿ ಅಭಿವೃದ್ಧಿ ಮಾಡುವುದು ಎಂದರೆ ತನ್ನ ಮನೆಯ ಮಾಳಿಗೆ ಸೋರುವಾಗ ನೆರೆಯವರ ಮನೆಗೆ ಹಂಚು ಹೊದಿಸಲು ಹೋದ ಹಾಗಲ್ಲವೇ?

ಎರಡನೆಯದು ಇನ್ನೂ ಚುಚ್ಚುವ ವಿಚಾರ. ಕೇಂದ್ರ ಸರ್ಕಾರ ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್, ಮಲಾವಿಯಿಂದ 50,000 ಟನ್ ತೊಗರಿ ತರಿಸುವ ಒಪ್ಪಂದಗಳನ್ನು ಮಾಡಿಕೊಂಡಿದೆ. 2025-26ಕ್ಕೆ ನಮ್ಮ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಎಂದು ಘೋಷಿಸಿದ್ದಾರೆ; ನಾವು ರಾಶಿ ಮಾಡಿ ಗಂಜ್‌ಗೆ ಒಯ್ಯುವ ಹೊತ್ತಿಗೆ ಆ ಹೊರದೇಶದ ತೊಗರಿ ಗೋದಾಮಿನಲ್ಲಿ ಕುಳಿತಿರುತ್ತದೆ. ಇನ್ನು ಅಲ್ಲಿಯ ಬೆಳೆ ಸುಧಾರಿಸಲು ನಮ್ಮ ಹುಡುಗರನ್ನೇ ಕಳುಹಿಸಬೇಕೇ?

ಕಾರಂಜಾ ನೀರು, ಬೀದರ್

ತೊಗರಿಯ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. ಗುಲುವಿನ ಸಂತೆಯಲ್ಲಿ ನನಗೆ ಮೊದಲ ವಾರವೇ ಕಂಡದ್ದು ತೊಗರಿ. ಅಚೋಲಿ ಭಾಷೆಯಲ್ಲಿ ಅದನ್ನು ಲಪೇನಾ ಎನ್ನುತ್ತಾರೆ. ಬೇಳೆ ಒಡೆಯದೆ ಇಡಿಯಾಗಿ ಬೇಯಿಸಿ, ಎಳ್ಳು ಅಥವಾ ಶೇಂಗಾ ಅರೆದದ್ದನ್ನು ಬೆರೆಸಿ ತಿನ್ನುತ್ತಾರೆ. ಎಳ್ಳು ಹೆಚ್ಚಾದರೆ ನಮ್ಮ ನಾಲಿಗೆಗೆ ಒಗ್ಗಲು ಒಂದು ತಿಂಗಳು ಬೇಕು. ಅವರದೂ ಮಳೆಯಾಶ್ರಿತ ಬೇಸಾಯವೇ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ, ಆದರೆ ಎರಡನೆಯದನ್ನು ನೀವು ತಿರುವಿ ನೋಡಬೇಕು. ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗ ಮಲಾವಿಯಲ್ಲೂ ಇದೆ, ಟಾಂಜಾನಿಯಾದಲ್ಲೂ ಇದೆ. ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನವರು ಪೂರ್ವ ಆಫ್ರಿಕಾಕ್ಕೆಂದು ಬೆಳೆಸಿದ ಐಸಿಇಎಪಿ 00040 ಎಂಬ ನೆಟೆ ನಿರೋಧಕ ತಳಿಯನ್ನು ಮಲಾವಿಯಲ್ಲಿ ಕಚಾಂಗು ಎಂದೂ ಟಾಂಜಾನಿಯಾದಲ್ಲಿ ಮಾಲಿ ಎಂದೂ ಬಿಡುಗಡೆ ಮಾಡಿದ್ದಾರೆ. ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಕೂಡ ಅದೇ ರೋಗಕ್ಕೆ ಕೊಟ್ಟ ಉತ್ತರ. 2022ರ ಹಂಗಾಮಿನಲ್ಲಿ ನೆಟೆ ಬಂದು ನಿಮ್ಮ ಭಾಗದ ಹೊಲಗಳು ನಿಂತಲ್ಲೇ ಒಣಗಿದ್ದನ್ನು ನೀವೇ ನೋಡಿದ್ದೀರಿ. ಆ ರೋಗದ ಜೊತೆ ಬದುಕುತ್ತಿರುವ ಇನ್ನೊಂದು ಊರಿನ ರೈತರ ಜೊತೆ ಎರಡು ಹಂಗಾಮು ಕಳೆದುಬಂದ ಹುಡುಗನಿಂದ ನಷ್ಟವಾಗುವುದು ಯಾರಿಗೆ? ಆಮದಿನ ನಿರ್ಧಾರ ದೆಹಲಿಯದು, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.

ತೊಗರಿಯ ಹೊಲ, ಆಳಂದ

ಗಂಟು ನಾನು ಹಾಕಿದ್ದಲ್ಲ, ಒಪ್ಪಂದದಲ್ಲೇ ಇದೆ. ಆದರೆ ಕಚಾಂಗುವಿನ ವಿಷಯ ನನಗೆ ಹೊಸದು. ಅದು ದೀರ್ಘಾವಧಿ ತಳಿಯೇ? ಹಾಗಿದ್ದರೆ ನಮ್ಮ ಎರೆ ಹೊಲದಲ್ಲಿ ಹೂ ಬಿಡುವ ಹೊತ್ತಿಗೆ ತೇವ ಉಳಿಯುವುದಿಲ್ಲ.

ಕಾರಂಜಾ ನೀರು, ಬೀದರ್

ಹೌದು, ದೀರ್ಘಾವಧಿಯದೇ. ನೀವು ಈಗ ಕೇಳಿದ ಪ್ರಶ್ನೆಯನ್ನು ಮಲಾವಿಯ ಹೊಲದ ಬದುವಿನ ಮೇಲೆ ನಿಂತು ಕೇಳಬಲ್ಲವರು ಬೇಕು ಎಂಬುದೇ ನನ್ನ ವಾದ. ಟೊರಾಂಟೊದಿಂದ ಬಂದವರಿಗೆ ಅದು ಹೊಳೆಯುವುದಿಲ್ಲ.

ಬಿಸಿಲೂರ ಮೇಷ್ಟ್ರು, ಕಲಬುರಗಿ

ಹಾಗಾದರೆ ನಾನೊಂದು ಸಲಹೆ ಮುಂದಿಡುತ್ತೇನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು, ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರಲ್ಲಿ ಒಂದು ಸಮುದಾಯ ಭವನದ ಖರ್ಚಿನಷ್ಟನ್ನು ಬದಿಗಿಟ್ಟು, ವರ್ಷಕ್ಕೆ ಹತ್ತು ಪದವೀಧರರನ್ನು ಒಣಬೇಸಾಯ, ಗುಳೆ, ಸ್ವಸಹಾಯ ಸಂಘ ಎಂಬ ಈ ಮೂರೇ ವಿಷಯಗಳಿಗೆ ಒಂದೊಂದು ವರ್ಷ ಹೊರಗೆ ಕಳುಹಿಸಿದರೆ ಏನಾಗುತ್ತದೆ? ಹಿಂದಿರುಗಿದ ಮೇಲೆ ಎರಡು ವರ್ಷ ತಮ್ಮ ತಾಲೂಕಿನಲ್ಲೇ ಕೆಲಸ ಮಾಡಬೇಕೆಂಬ ಕರಾರೂ ಇರಲಿ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಬೀದರ್‌ನಲ್ಲಿ ಪಶು ವಿಶ್ವವಿದ್ಯಾಲಯವಿದೆ, ರಾಯಚೂರಿನಲ್ಲಿ ಕೃಷಿಯದು. ಆಯ್ಕೆ ಮಾಡುವವರಿಗೇನೂ ಬರವಿಲ್ಲ.

ಕಡತದ ಮನುಷ್ಯ, ಕಲಬುರಗಿ

ಮೇಷ್ಟ್ರೇ, ಕೇಳಲು ಚೆನ್ನಾಗಿದೆ. ಆದರೆ ಈ ಕಡತ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಈಗಲೇ ಹೇಳಬಲ್ಲೆ. ವಿದೇಶಾಂಗ ವ್ಯವಹಾರ ಕೇಂದ್ರ ಪಟ್ಟಿಯಲ್ಲಿದೆ. ವಿದ್ಯಾರ್ಥಿಯೊಬ್ಬನ ವಿಶ್ವವಿದ್ಯಾಲಯದ ಶುಲ್ಕ ಕಟ್ಟಲು ರಾಜ್ಯಕ್ಕೆ ತೊಂದರೆಯಿಲ್ಲ, ಪ್ರಬುದ್ಧ ನಡೆಯುವುದೇ ಹಾಗೆ. ಆದರೆ ಇನ್ನೊಂದು ದೇಶದ ಸರ್ಕಾರಿ ಇಲಾಖೆಯಲ್ಲಿ ನಮ್ಮವರನ್ನು ಕೂರಿಸುವುದೆಂದರೆ ಆ ದೇಶದ ಒಪ್ಪಿಗೆ, ಕೆಲಸದ ವೀಸಾ, ದೆಹಲಿಯ ಅನುಮತಿ ಎಲ್ಲವೂ ಬೇಕು. ಇದಲ್ಲದೆ ಮಂಡಳಿಯ ಹಣದಲ್ಲಿ ಕಟ್ಟಡ, ರಸ್ತೆಗೆ ಹೋಗುವುದರ ಅಳತೆ ಪುಸ್ತಕ ಇರುತ್ತದೆ. ಮಲಾವಿಯಲ್ಲಿ ಒಬ್ಬ ಹುಡುಗ ಒಂದು ವರ್ಷದಲ್ಲಿ ಕಲಿತದ್ದನ್ನು ಯಾವ ಅಳತೆ ಪುಸ್ತಕದಲ್ಲಿ ಬರೆಯಬೇಕು? ಲೆಕ್ಕ ತಪಾಸಣೆಯವರು ಮೊದಲು ಕೇಳುವುದು ಅದನ್ನೇ.

ಸಾಧ್ಯವಾಗುವ ರೂಪ ಬೇರೆ ಇದೆ. ಈಗಾಗಲೇ ಹೊರದೇಶಗಳಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಯೊಂದರ ಜೊತೆ ನಮ್ಮ ವಿಶ್ವವಿದ್ಯಾಲಯ ಒಡಂಬಡಿಕೆ ಮಾಡಿಕೊಂಡು, ಹುಡುಗರನ್ನು ಆ ಸಂಸ್ಥೆಯ ಪ್ರಶಿಕ್ಷಣಾರ್ಥಿಗಳೆಂದು ಕಳುಹಿಸುವುದು. ಇಕ್ರಿಸ್ಯಾಟ್ 1972ರಿಂದ ಪಟಾನ್‌ಚೆರುವಿನಲ್ಲಿದೆ, ಬೀದರ್‌ನಿಂದ ಹೈದರಾಬಾದಿಗೆ ಹೋಗುವ ಬಸ್ಸು ಅದರ ಗೇಟಿನ ಮುಂದೆಯೇ ಹಾಯುತ್ತದೆ. ಅದಕ್ಕೆ ಆಫ್ರಿಕಾದಲ್ಲಿ ಕೇಂದ್ರಗಳಿವೆ. ಆಗ ರಾಜ್ಯ ಕೊಡುವುದು ಶಿಷ್ಯವೇತನ ಮಾತ್ರ, ರಾಜತಾಂತ್ರಿಕತೆಯ ತಲೆನೋವು ರಾಜ್ಯಕ್ಕಿಲ್ಲ. ಇನ್ನೊಂದು, ಹೋಗುವುದಕ್ಕಿಂತ ಅವರನ್ನೇ ಕರೆಸುವುದು ಅಗ್ಗ. ಹೈದರಾಬಾದಿನ ರಾಜೇಂದ್ರನಗರದ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲಿ ಐಟೆಕ್ ತರಬೇತಿಗಳು ನಡೆಯುತ್ತವೆ. ತೊಗರಿಯ ಬಗ್ಗೆ ಒಂದು ಐಟೆಕ್ ತರಬೇತಿಯನ್ನು ಕಲಬುರಗಿಯಲ್ಲೇ ನಡೆಸಿ, ಭೌಗೋಳಿಕ ಮಾನ್ಯತೆ ಪಡೆದ ನಮ್ಮ ತೊಗರಿ ಬೇಳೆಯ ಗಿರಣಿಗಳನ್ನು ತೋರಿಸಿ, ಅದರಲ್ಲಿ ಸಹಾಯಕರಾಗಿ ನಮ್ಮ ಪದವೀಧರರನ್ನು ಇಟ್ಟರೆ ಮುಂದಿನ ಪರಿಚಯಗಳು ತಾವಾಗಿ ಬೆಳೆಯುತ್ತವೆ.

ತೊಗರಿಯ ಹೊಲ, ಆಳಂದ

ಇದಕ್ಕೆ ನನ್ನ ಒಪ್ಪಿಗೆ ಇದೆ. ಬಂದವರು ನನ್ನ ಹೊಲಕ್ಕೂ ಬರಲಿ.

ಕಾರಂಜಾ ನೀರು, ಬೀದರ್

ಶಹಾಪುರದ ತಂಗಿಗೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಕಾಲ ಚೆನ್ನಾಗಿಲ್ಲ. ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ರ ಹೊತ್ತಿಗೆ ಯುಎಸ್‌ಏಡ್ ಎಂಬ ಸಂಸ್ಥೆಯ ಬಾಗಿಲೇ ಮುಚ್ಚಿತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇಕಡಾ 0.5ರಷ್ಟಿರುವ ನೆರವನ್ನು 2027ರ ಹೊತ್ತಿಗೆ ಶೇಕಡಾ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಹತ್ತು ವರ್ಷ ಅನುಭವ ಇರುವವರು ಈಗ ಕಿರಿಯ ಹುದ್ದೆಗಳಿಗೂ ಅರ್ಜಿ ಹಾಕುತ್ತಿದ್ದಾರೆ. ನನ್ನ ಜೊತೆ ಗುಲುವಿನಲ್ಲಿದ್ದ ಇಬ್ಬರು ಕೆಲಸ ಕಳೆದುಕೊಂಡಿದ್ದಾರೆ.

ಹೀಗಿರುವಾಗ ನೀವು ಗೆಲ್ಲಬಹುದಾದ ಜಾಗ ಸಂದರ್ಶನ. ಅಲ್ಲಿ ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. ‘ಜನ ನಿಮ್ಮ ಮಾತನ್ನು ಒಪ್ಪದಿದ್ದ ಒಂದು ಸಂದರ್ಭ ಹೇಳಿ, ಆಗ ನೀವು ಏನು ಮಾಡಿದಿರಿ?’ ಎಂಬ ಬಗೆಯವು ಅವರ ಪ್ರಶ್ನೆಗಳು. ನನ್ನ ಮೊದಲ ಎರಡು ಸಂದರ್ಶನಗಳು ಹೋದದ್ದು ಇಂಗ್ಲಿಷ್ ಬಾರದೆ ಅಲ್ಲ. ನಮ್ಮಲ್ಲಿ ‘ನಾನು ಮಾಡಿದೆ’ ಎಂದರೆ ಅಹಂಕಾರ, ಆದ್ದರಿಂದ ಎಲ್ಲಕ್ಕೂ ‘ನಾವು ಮಾಡಿದೆವು’ ಎನ್ನುತ್ತೇವೆ. ಇಂಗ್ಲಿಷಿಗೆ ತಿರುಗಿಸುವಾಗಲೂ ಆ ‘ನಾವು’ ಹಾಗೆಯೇ ಹೋಗುತ್ತದೆ. ಕೇಳುತ್ತಿದ್ದವರಿಗೆ ನಾನು ಏನು ಮಾಡಿದೆ ಎಂಬುದೇ ತಿಳಿಯಲಿಲ್ಲ. ಮೊದಲು ಕನ್ನಡದಲ್ಲಿ ಬರೆಯಿರಿ, ‘ನಾನು’ ಎಂದು ಬರೆಯಿರಿ, ಸಂಖ್ಯೆ ಹಾಕಿ. ಇಂಗ್ಲಿಷ್ ಆಮೇಲೆ.

ಕೃಷ್ಣೆಯ ದಂಡೆ, ಶಹಾಪುರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದೇನೆ. ಯಾದಗಿರಿಯವಳು ಎಂಬುದು ಒಂದು ಕಡೆಯಾದರೂ ಆದ್ಯತೆಯ ಕಾಲಂನಲ್ಲಿ ಬಂದದ್ದು ವಿಚಿತ್ರ ಸಂತೋಷ. ಯುಎನ್‌ವಿ ವೇದಿಕೆಯಲ್ಲಿ ಹೆಸರು ನೋಂದಾಯಿಸಿದ್ದೇನೆ. ಮನೆಯಿಂದಲೇ ಮಾಡುವ ಆನ್‌ಲೈನ್ ಸ್ವಯಂಸೇವೆಯೂ ಅಲ್ಲಿದೆ ಎಂದು ಈಗ ತಿಳಿಯಿತು, ಅದರಿಂದ ಆರಂಭಿಸುತ್ತೇನೆ.

ಬೀದರ್‌ನ ಅಣ್ಣ ಹೇಳಿದಂತೆ ಬರೆದು ನೋಡಿದೆ. ತಿದ್ದಿ ಕೊಡಿ:

‘ನವೆಂಬರ್‌ನಲ್ಲಿ ನನ್ನ ಊರಿನ ಪಕ್ಕದ ಹಳ್ಳಿಯಿಂದ ಗುಳೆ ಹೊರಡಲಿದ್ದ ಕುಟುಂಬಗಳಲ್ಲಿ ಶಾಲೆಗೆ ಹೋಗುವ 31 ಮಕ್ಕಳಿದ್ದರು. ಮಕ್ಕಳನ್ನು ಋತುಮಾನ ವಸತಿ ಕೇಂದ್ರದಲ್ಲಿ ಬಿಡಲು ತಂದೆತಾಯಿಗಳು ಒಪ್ಪಲಿಲ್ಲ. ನಾನು ತಂದೆತಾಯಿಗಳ ಜೊತೆ ಮಾತನಾಡುವುದನ್ನು ನಿಲ್ಲಿಸಿ ಅಜ್ಜಿಯರ ಪಟ್ಟಿ ಮಾಡಿದೆ. ಯಾವ ಮನೆಯಲ್ಲಿ ಅಜ್ಜಿ ಊರಲ್ಲೇ ಉಳಿಯುತ್ತಾಳೋ ಆ ಮನೆಯ ಮಗು ಹಗಲು ಕೇಂದ್ರದಲ್ಲಿ, ರಾತ್ರಿ ಅಜ್ಜಿಯ ಬಳಿ ಇರಲಿ ಎಂದು ಕೇಳಿದೆ. 19 ಮಕ್ಕಳು ಉಳಿದರು.’

ಕಾರಂಜಾ ನೀರು, ಬೀದರ್

ಚೆನ್ನಾಗಿದೆ. ಆದರೆ ನವೆಂಬರ್‌ನಲ್ಲಿ ಉಳಿದ 19 ಮಕ್ಕಳು ಮಾರ್ಚ್ ಪರೀಕ್ಷೆಗೆ ಎಷ್ಟು ಜನ ಕುಳಿತರು ಎಂದು ಅವರು ಕೇಳಿಯೇ ಕೇಳುತ್ತಾರೆ.

ಕೃಷ್ಣೆಯ ದಂಡೆ, ಶಹಾಪುರ

14. ಮೂವರನ್ನು ಸಂಕ್ರಾಂತಿಗೆ ಬಂದ ಅಪ್ಪಂದಿರು ಕರೆದುಕೊಂಡು ಹೋದರು. ಇಬ್ಬರು ಅಕ್ಕತಂಗಿಯರ ಅಜ್ಜಿ ತೀರಿಕೊಂಡಳು.

ಕಾರಂಜಾ ನೀರು, ಬೀದರ್

ಅದನ್ನೂ ಬರೆಯಿರಿ.